ಅಡುಗೆಮನೆನ ಪರಿಸರಸ್ನೇಹಿ ಮಾಡೋಕೆ ಮೊದ್ಲು ಯಾವುದಕ್ಕೆ ಕೈ ಹಾಕ್ಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಡುಗೆಮನೆಯಿಂದ ಪರಿಸರಕ್ಕೆ ಆಗೋ ಹಾನಿ ಆದಷ್ಟು ಕಡಿಮೆ ಮಾಡ್ಬೇಕು ಅಂತ ಮನೆಯವರೆಲ್ಲ ಕೂತು ಮಾತಾಡಿದ್ವಿ. ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ತೆಗೆದು ಗಾಜಿನ ಜಾಡಿ ತರೋದು, ನಾನ್‌ಸ್ಟಿಕ್ ಬದ್ಲು ಕಬ್ಬಿಣದ ಪಾತ್ರೆ, ಬಟ್ಟೆ ಚೀಲ, ಸ್ಪಾಂಜ್ ಬದ್ಲು ನಾರು, ಗ್ಯಾಸ್ ಒಲೆ ಬದ್ಲು ಇಂಡಕ್ಷನ್, ಹಳೇ ಫ್ರಿಜ್ ಕೊಟ್ಟು ಹೊಸದು, ಹೀಗೆ ಪಟ್ಟಿ ಬೆಳೀತಾನೇ ಇದೆ. ಎಲ್ಲಾ ಒಂದೇ ಸಲ ಮಾಡೋಕಂತೂ ಆಗಲ್ಲ. ಇದ್ರಲ್ಲಿ ನಿಜವಾಗ್ಲೂ ಫರಕ್ ಬೀಳೋದು ಯಾವುದು, ಬರೀ ಸಮಾಧಾನಕ್ಕೆ ಮಾಡೋದು ಯಾವುದು? ಅಂಗಡೀಲಿ ನೋಡಿದ್ರೆ ಪ್ರತಿಯೊಂದರ ಮೇಲೂ ಹಸಿರು ಎಲೆ ಚಿತ್ರ ಇರತ್ತೆ, ಅದರಿಂದ ಏನೂ ತಿಳಿಯಲ್ಲ. ಲೆಕ್ಕ ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ 1

ದಯವಿಟ್ಟು ಡಬ್ಬಿಗಳನ್ನ ಎಸೀಬೇಡಿ. ಅವು ಆಗ್ಲೇ ತಯಾರಾಗಿ ನಿಮ್ಮ ಮನೇಲಿ ಇವೆ, ಅದಕ್ಕೆ ಖರ್ಚಾದ ಕಚ್ಚಾತೈಲ, ಕರೆಂಟು ವಾಪಸ್ ಬರಲ್ಲ. ಈಗ ಗಾಜು ತಂದ್ರೆ ಅದನ್ನ ಕರಗಿಸಿದ ಶಾಖದ ಲೆಕ್ಕನೂ ಅದರ ಮೇಲೆ ಸೇರತ್ತೆ. ಬಿಸಿ ಪದಾರ್ಥ, ಎಣ್ಣೆ ಪದಾರ್ಥ ಹಾಕೋದು ಬೇಡ ಅನ್ನಿಸಿದ್ರೆ ಒಣ ಸಾಮಾನು ತುಂಬಿಡಿ, ಬಿರುಕು ಬಿಡೋವರೆಗೂ ಬಳಸಿ.

ಬಟ್ಟೆ ಚೀಲದ್ದೂ ಅದೇ ಕಥೆ. 2011ರಲ್ಲಿ ಬ್ರಿಟನ್ನಿನ ಪರಿಸರ ಇಲಾಖೆಯವರು ಲೆಕ್ಕ ಹಾಕಿದ್ರು, ಒಂದು ಸಲ ಬಳಸಿ ಬಿಸಾಡೋ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿ ಚೀಲದಿಂದ ಹವಾಮಾನಕ್ಕೆ ಕಡಿಮೆ ಹಾನಿ ಆಗ್ಬೇಕಾದ್ರೆ ಅದನ್ನ ಕನಿಷ್ಠ 131 ಸಲ ಬಳಸ್ಬೇಕು ಅಂತ. ಹತ್ತಿ ಬೆಳೆಯೋಕೆ, ನೇಯೋಕೆ ಅಷ್ಟು ಖರ್ಚಾಗತ್ತೆ. ಅಂದ್ರೆ ಬಟ್ಟೆ ಚೀಲ ಕೆಟ್ಟದ್ದು ಅಂತಲ್ಲ, ಎರಡು ಚೀಲ ಇಟ್ಕೊಂಡು ಹರಿಯೋವರೆಗೂ ಬಳಸಿದ್ರೆ ತುಂಬಾ ಒಳ್ಳೇದು, ಬೀರು ತುಂಬಾ ಚೀಲ ಸೇರಿಸಿದ್ರೆ ಏನೂ ಉಪಯೋಗ ಇಲ್ಲ.

ನನ್ನ ಕೇಳಿದ್ರೆ ನಿಮ್ಮ ಪಟ್ಟೀಲಿ ಎಲ್ಲಕ್ಕಿಂತ ಮುಖ್ಯವಾದದ್ದೇ ಇಲ್ಲ, ಅದು ಬಿಸಾಡೋ ಊಟ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಮನೆ, ಹೋಟೆಲ್, ಅಂಗಡಿ ಎಲ್ಲಾ ಸೇರಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥ ಆಯ್ತು, ಅದ್ರಲ್ಲಿ 60% ನಮ್ಮಂಥ ಮನೆಗಳಿಂದ್ಲೇ! ಒಂದು ಸೊಪ್ಪಿನ ಕಟ್ಟು ಕೊಳೆತು ಹೋದ್ರೆ ಅದಕ್ಕೆ ಹಾಕಿದ ನೀರು, ಗೊಬ್ಬರ, ತಂದ ಲಾರಿಯ ಡೀಸೆಲ್, ಫ್ರಿಜ್ಜಿನ ಕರೆಂಟು ಎಲ್ಲಾ ಹೋಯ್ತು, ಆಮೇಲೆ ಕಸದ ಗುಡ್ಡದ ಅಡಿಯಲ್ಲಿ ಗಾಳಿ ಇಲ್ದೆ ಕೊಳೆತು ಮೀಥೇನ್ ಬೇರೆ ಬಿಡತ್ತೆ. ಆ ಅನಿಲ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡತ್ತೆ. ಅದಕ್ಕೇ ಮೊದ್ಲು ಒಂದು ವಾರ ಬರೀ ಏನೇನು ಬಿಸಾಡ್ತೀರಿ ಅಂತ ಬರ್ದಿಡಿ ಸಾಕು. ಯಾವುದು ಪದೇ ಪದೇ ಬರತ್ತೋ ಅದನ್ನ ಕಡಿಮೆ ತನ್ನಿ. ಮೊದ್ಲು ಮುಗೀಬೇಕಾದ್ದನ್ನ ಫ್ರಿಜ್ಜಲ್ಲಿ ಕಣ್ಣಿಗೆ ಕಾಣೋ ಹಾಗೆ ಮುಂದೆ ಇಡಿ.

ಉತ್ತರ 2

ಮೇಲಿನವರು ಹೇಳಿದ್ದು ಪೂರ್ತಿ ಒಪ್ತೀನಿ. ನಾನು ಶಾಖದ ವಿಷಯ ಹೇಳ್ತೀನಿ ಯಾಕಂದ್ರೆ ಇದಕ್ಕೆ ಏನೂ ಕೊಂಡ್ಕೋಬೇಕಾಗಿಲ್ಲ, ಆದ್ರೂ ಯಾರೂ ಗಮನ ಕೊಡಲ್ಲ.

ಒಂದು ಲೀಟರ್ ನೀರನ್ನ 20 ಡಿಗ್ರಿಯಿಂದ 100 ಡಿಗ್ರಿಗೆ ತರೋಕೆ ಸುಮಾರು 335 ಕಿಲೋಜೂಲ್ ಶಾಖ ಬೇಕು. ಅದೇ ಒಂದು ಲೀಟರ್ ಪೂರ್ತಿ ಆವಿಯಾಗಿ ಹೋಗೋಕೆ ಇನ್ನೂ 2257 ಕಿಲೋಜೂಲ್ ಬೇಕು, ಅಂದ್ರೆ ಆರು ಪಟ್ಟಿಗಿಂತ ಜಾಸ್ತಿ. ಇದರ ಅರ್ಥ ಏನು? ನೀರು ಕುದಿ ಬಂದ್ಮೇಲೆ ಉರಿ ಎಷ್ಟೇ ಜೋರು ಮಾಡಿ, ನೀರಿನ ಬಿಸಿ ಅಲ್ಲೇ ನಿಲ್ಲತ್ತೆ, ತರಕಾರಿ ಒಂದು ನಿಮಿಷ ಕೂಡ ಬೇಗ ಬೇಯಲ್ಲ, ಹೆಚ್ಚಿಗೆ ಕೊಟ್ಟ ಶಾಖ ಎಲ್ಲಾ ಆವಿಯಾಗಿ ಗೋಡೆಗೆ ಹೋಗಿ ಅಂಟತ್ತೆ ಅಷ್ಟೇ. ಕುದಿ ಬಂದ ತಕ್ಷಣ ಉರಿ ಸಣ್ಣ ಮಾಡಿ ಮುಚ್ಚಳ ಮುಚ್ಚಿ. ಪಾತ್ರೆ ತಳಕ್ಕಿಂತ ಉರಿ ಹೊರಗೆ ಬರ್ತಿದ್ರೆ ಅದೂ ದಂಡ.

ಪ್ರೆಶರ್ ಕುಕ್ಕರಲ್ಲಿ ಒತ್ತಡ ಹೊರಗಿನ ಗಾಳಿಯ ಸುಮಾರು ಎರಡರಷ್ಟಾಗತ್ತೆ, ಆಗ ನೀರು ಕುದಿಯೋದು ಸುಮಾರು 120 ಡಿಗ್ರಿಗೆ, ಅದಕ್ಕೇ ಕಾಳು ಬೇಗ ಬೇಯೋದು. ಆದ್ರೆ ಒತ್ತಡ ಬಂದ್ಮೇಲೂ ದೊಡ್ಡ ಉರಿ ಇಟ್ರೆ ಉಳಿಸಿದ ಶಾಖ ಎಲ್ಲಾ ಹಬೆಯಾಗಿ ಹೊರಗೆ. ರಾತ್ರಿಯೇ ಕಾಳು ನೆನೆಸಿಟ್ರೆ ಇನ್ನೂ ಕಡಿಮೆ ಹೊತ್ತು ಸಾಕು. ಕುದಿಯೋ ಪಾತ್ರೆನ ಒಲೆಯಿಂದ ಇಳಿಸಿ ದಪ್ಪ ಬಟ್ಟೆ ತುಂಬಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ರೂ ಒಳಗಿನ ಬಿಸಿಯಲ್ಲೇ ಬೇಯತ್ತೆ, ಇದು ಹಳೇ ಪದ್ಧತಿ, ಚೆನ್ನಾಗಿ ಕೆಲಸ ಮಾಡತ್ತೆ. ಒಂದೇ ಒಂದು ಎಚ್ಚರಿಕೆ, ರಾಜ್ಮಾ ಥರದ ಕಾಳುಗಳಲ್ಲಿ ಒಂದು ವಿಷ ಇದೆ, ಅದು ಕಡಿಮೆ ಬಿಸಿಗೆ ಹೋಗಲ್ಲ, ನೆನೆಸಿದ ನೀರು ಚೆಲ್ಲಿ ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಚೆನ್ನಾಗಿ ಕುದಿಸಿದ ಮೇಲೇನೇ ಪೆಟ್ಟಿಗೆಗೆ ಇಡಿ.

ಉತ್ತರ 3

ಇಂಡಕ್ಷನ್ ಬಗ್ಗೆ ಕೇಳಿದೀರಲ್ಲ. ಇಂಡಕ್ಷನ್ನಲ್ಲಿ ಕರೆಂಟಿನ ಸುಮಾರು 85% ಪಾತ್ರೆಗೆ ಸೇರತ್ತೆ, ಗ್ಯಾಸಲ್ಲಿ ಅದಕ್ಕಿಂತ ಕಡಿಮೆ ಸೇರತ್ತೆ ಅಂತಾರೆ, ಅದು ನಿಜಾನೇ. ಆದ್ರೆ ನಿಮಗೆ ಬರೋ ಕರೆಂಟು ಕಲ್ಲಿದ್ದಲಿಂದ ಬರ್ತಿದ್ರೆ ಅಲ್ಲಿನ ಶಾಖದಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಮಾತ್ರ ಕರೆಂಟಾಗತ್ತೆ, ಆಗ ಇಂಡಕ್ಷನ್ನಿನ ಆ ಲಾಭ ಉಳಿಯಲ್ಲ. ಬಿಸಿಲು, ಗಾಳಿ, ನೀರಿಂದ ಬರೋ ಕರೆಂಟಾದ್ರೆ ಇಂಡಕ್ಷನ್ ಖಂಡಿತಾ ಮೇಲು. ಮನೆಯೊಳಗಿನ ಗಾಳಿ ಲೆಕ್ಕದಲ್ಲಂತೂ ಎಲ್ಲಿದ್ರೂ ಇಂಡಕ್ಷನ್ನೇ ವಾಸಿ, ಗ್ಯಾಸ್ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಬರತ್ತೆ, ಅದು ಶ್ವಾಸಕೋಶಕ್ಕೆ ಒಳ್ಳೇದಲ್ಲ, ಮಕ್ಕಳಿರೋ ಮನೇಲಿ ಕಿಟಕಿ ತೆಗೆದೇ ಅಡುಗೆ ಮಾಡಿ.

ಇನ್ನೊಂದು ಮಾತು. ಏನು ಬೇಯಿಸ್ತೀವಿ ಅನ್ನೋದು ಯಾವುದ್ರಲ್ಲಿ ಬೇಯಿಸ್ತೀವಿ ಅನ್ನೋದಕ್ಕಿಂತ ದೊಡ್ಡದು. 2018ರಲ್ಲಿ ಸೈನ್ಸ್ ಪತ್ರಿಕೇಲಿ 119 ದೇಶಗಳ ಸುಮಾರು 38,700 ಹೊಲ, ಫಾರ್ಮ್‌ಗಳ ಲೆಕ್ಕ ಇಟ್ಕೊಂಡು ಒಂದು ಅಧ್ಯಯನ ಬಂತು, ಅದ್ರಲ್ಲಿ ಹವಾಮಾನ ಬಿಸಿ ಮಾಡೋ ಅನಿಲದ ಲೆಕ್ಕದಲ್ಲಿ ಗೋಮಾಂಸಕ್ಕೂ ಬಟಾಣಿಯಂಥ ಕಾಳಿಗೂ ಇರೋ ಅಂತರ ಹತ್ತಾರು ಪಟ್ಟು. ಅದರ ಮುಂದೆ ಸಾಗಾಣಿಕೆಯ ಪಾಲು ಬಹುತೇಕ ಆಹಾರಗಳಲ್ಲಿ ಚಿಕ್ಕದು. ಮಾಂಸ ತಿನ್ನೋರು ಪೂರ್ತಿ ಬಿಡದಿದ್ರೂ ವಾರದಲ್ಲಿ ಕೆಲವು ದಿನ ಕಾಳಿಗೆ ಬದಲಾಯಿಸಿದ್ರೆ ಎಷ್ಟೋ ಆಯ್ತು.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಡಬ್ಬಿಗಳು ಉಳ್ಕೊಂಡ್ವು ಹಾಗಾದ್ರೆ. ಫ್ರಿಜ್ ಬಗ್ಗೆ ಏನ್ಮಾಡೋದು? ಆಮೇಲೆ ತರಕಾರಿ ಸಿಪ್ಪೆ, ಕರಿದ ಎಣ್ಣೆ ಇವನ್ನ ಏನ್ಮಾಡ್ಬೇಕು? ನಮ್ಮದು ಚಿಕ್ಕ ಮನೆ, ಅಂಗಳ ಇಲ್ಲ.

ಉತ್ತರ 1ರವರು ಮತ್ತೆ

ಫ್ರಿಜ್ ಚೆನ್ನಾಗಿ ನಡೀತಿದ್ರೆ ಮೊದ್ಲು ಬಾಗಿಲಿನ ರಬ್ಬರ್ ನೋಡಿ. ಒಂದು ಕಾಗದ ಇಟ್ಟು ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಬಂದ್ರೆ ರಬ್ಬರ್ ಹೋಗಿದೆ, ಅದನ್ನ ಹಾಕಿಸಿ. ಒಳಗೆ 4 ಡಿಗ್ರಿ, ಫ್ರೀಜರ್ ಮೈನಸ್ 18 ಇದ್ರೆ ಸಾಕು. ಹಿಂದಿನ ಜಾಲರಿಯ ಧೂಳು ತೆಗೀರಿ. ರಿಪೇರಿ ಆಗದೇ ಇದ್ದು ಹೊಸದೇ ತರ್ಬೇಕಾದ್ರೆ ಹಿಂದುಗಡೆ ಲೇಬಲ್ ಓದಿ, ತಣ್ಣಗೆ ಮಾಡೋ ಅನಿಲ ಆರ್600ಎ ಅಂತ ಇದ್ರೆ ಅದು ಐಸೋಬ್ಯೂಟೇನ್, ಸೋರಿದ್ರೂ ಹವಾಮಾನಕ್ಕೆ ಹೆಚ್ಚು ತೊಂದ್ರೆ ಇಲ್ಲ. ಹಳೇದ್ರಲ್ಲಿರೋ ಆರ್134ಎ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮೀರಿ ಬಿಸಿ ಹೆಚ್ಚಿಸೋ ಅನಿಲ. ಹಾಗಾಗಿ ಹಳೇದನ್ನ ಅನಿಲ ಸರಿಯಾಗಿ ಹೀರಿ ತೆಗೆಯೋರಿಗೇ ಕೊಡಿ, ಪೈಪ್ ಮುರಿದು ಗುಜರಿಗೆ ಹಾಕೋರಿಗೆ ಬೇಡ.

ಉತ್ತರ 4

ಸಿಪ್ಪೆಗೆ ಅಂಗಳ ಬೇಡ, ತೂತು ಮಾಡಿದ ಒಂದು ಮುಚ್ಚಳದ ಬಕೆಟ್ ಸಾಕು. ಜನ ಬರೀ ಹಸಿ ಸಿಪ್ಪೆ ತುಂಬಿಸಿ ವಾಸನೆ ಅಂತ ಬಿಟ್ಬಿಡ್ತಾರೆ. ಹಸಿ ಹಾಕಿದಾಗೆಲ್ಲ ಒಣ ಎಲೆ, ಮರದ ಹೊಟ್ಟು ಇಲ್ಲಾ ಹರಿದ ರಟ್ಟು ಒಂದು ಪದರ ಹಾಕ್ಲೇಬೇಕು, ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು, ಒಣಗಿದ್ದರಿಂದ್ಲೇ ಅದು ಸಿಗೋದು. ಕೈಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಬರೋಷ್ಟು ತೇವ ಸಾಕು, ವಾರಕ್ಕೊಂದ್ಸಲ ತಿರುವಿ ಹಾಕಿ ಗಾಳಿ ಆಡ್ಲಿ. ಗೊಬ್ಬರ ಆಗತ್ತೆ ಅಂತ ಬರೆದಿರೋ ಜೈವಿಕ ಪ್ಲಾಸ್ಟಿಕ್ ಲೋಟ, ಚಮಚ ಮಾತ್ರ ಹಾಕ್ಬೇಡಿ, ಪಿಎಲ್ಎ ಥರದ್ದು ಕರಗೋಕೆ 60 ಡಿಗ್ರಿ ಹತ್ರ ಬಿಸಿ ಇರೋ ದೊಡ್ಡ ಘಟಕನೇ ಬೇಕು, ನಿಮ್ಮ ಬಕೆಟಲ್ಲಿ ಹಾಗೇ ಇರತ್ತೆ.

ಎಣ್ಣೆನ ಸಿಂಕಿಗೆ ಹಾಕ್ಲೇಬೇಡಿ. ಬಿಸಿನೀರು, ಸೋಪು ಹಾಕಿದ್ರೆ ಹೋಗತ್ತೆ ಅಂತ ಕೆಲವರು ಹೇಳ್ತಾರೆ, ಹೋಗಲ್ಲ, ಮುಂದೆ ಪೈಪಲ್ಲಿ ತಣ್ಣಗಾಗಿ ಗಟ್ಟಿ ಆಗತ್ತೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಹತ್ರ ಚರಂಡೀಲಿ 250 ಮೀಟರ್ ಉದ್ದ, ಸುಮಾರು 130 ಟನ್ ತೂಕದ ಕೊಬ್ಬಿನ ಗಡ್ಡೆ ಸಿಕ್ಕಿತ್ತು, ಅಡುಗೆ ಕೊಬ್ಬು ಮತ್ತೆ ಒರೆಸಿ ಬಿಸಾಡೋ ವೈಪ್ಸ್ ಸೇರಿ ಆಗಿದ್ದು ಅದು. ಕರಿದ ಎಣ್ಣೆ ಆರಿದ ಮೇಲೆ ಸೋಸಿ ಬಾಟಲಿಗೆ ಹಾಕಿಡಿ, ಬಯೋಡೀಸೆಲ್ ಮಾಡೋಕೆ ಸಂಗ್ರಹಿಸೋರು ಇದ್ರೆ ಅವರಿಗೆ ಕೊಡಿ. ಬಾಣಲೆಗೆ ಅಂಟಿರೋ ಜಿಡ್ಡನ್ನ ತೊಳೆಯೋಕೆ ಮುಂಚೆ ಹಳೇ ಕಾಗದದಲ್ಲಿ ಒರೆಸಿ, ಆಗ ಸೋಪು, ನೀರು ಎರಡೂ ಕಡಿಮೆ ಸಾಕು. ಪಾತ್ರೆ ತೊಳೆಯೋವಾಗ ನಲ್ಲಿ ಬಿಟ್ಕೊಂಡು ನಿಲ್ಬೇಡಿ, ಒಂದು ಬೇಸಿನ್ನಲ್ಲಿ ಉಜ್ಜಿ ಇನ್ನೊಂದ್ರಲ್ಲಿ ಅದ್ದಿ ತೆಗೀರಿ. ಸೋಪು ಕೊಳ್ಳೋವಾಗ ಫಾಸ್ಫೇಟ್ ಇಲ್ಲದ್ದು ನೋಡಿ, ಫಾಸ್ಫೇಟ್ ಕೆರೆ ಸೇರಿದ್ರೆ ಪಾಚಿ ಬೆಳೆದು ಮೀನಿಗೆ ಆಮ್ಲಜನಕ ಸಿಗಲ್ಲ.