ಮನೆಯಲ್ಲಿ ಜಾಝ್ ಪ್ರಾಕ್ಟೀಸಿಗೆ ಬ್ಯಾಕಿಂಗ್ ಟ್ರ್ಯಾಕ್ ಸಾಫ್ಟ್‌ವೇರ್ ಯಾವುದು ತಗೊಳ್ಳಲಿ? (ಆಲ್ಟೋ ಸ್ಯಾಕ್ಸ್, ಹಳೇ ಲ್ಯಾಪ್‌ಟಾಪ್)

ಮಂಡಿಪೇಟೆ ಆಲ್ಟೋ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು, ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಮದುವೆ ಬ್ಯಾಂಡ್‌ನಲ್ಲಿದ್ದ ಮಾಸ್ಟರ್ ಒಬ್ಬರ ಹತ್ತಿರ ಆರು ವರ್ಷ ಆಲ್ಟೋ ಸ್ಯಾಕ್ಸೊಫೋನ್ ಕಲಿತಿದ್ದೇನೆ. ಸಿನಿಮಾ ಹಾಡಾದರೆ ಎರಡು ಸಲ ಕೇಳಿ ನುಡಿಸಿಬಿಡುತ್ತೇನೆ. ಈಗ ಒಂದು ವರ್ಷದಿಂದ ಜಾಝ್ ಹುಚ್ಚು ಹಿಡಿದಿದೆ. ಊರಲ್ಲಿ ಜೊತೆಗೆ ನುಡಿಸುವವರು ಇನ್ನೂ ಯಾರೂ ಸಿಕ್ಕಿಲ್ಲ. ಸ್ಯಾಕ್ಸ್ ಅಂದ ಕೂಡಲೇ "ಕದ್ರಿ ಗೋಪಾಲನಾಥ್ ತರ ನುಡಿಸ್ತೀರಾ?" ಅಂತ ಕೇಳುತ್ತಾರೆ, ಅಷ್ಟೇ. ಅವರ ತರ ನುಡಿಸೋಕೆ ಬಂದಿದ್ದರೆ ನಾನ್ಯಾಕೆ ಲೆಕ್ಕ ಬರೀತಿದ್ದೆ?

ಇಷ್ಟು ದಿನ ಬ್ಯಾಕಿಂಗ್ ಟ್ರ್ಯಾಕ್‌ಗೆ (ನಾವು ಮೇಲೆ ನುಡಿಸಲು ಬರೀ ಹಿನ್ನೆಲೆ ವಾದ್ಯ ಇರುವ ಸಂಗೀತ) ಆನ್‌ಲೈನ್ ವಿಡಿಯೋ ಹಾಕಿಕೊಂಡು ನುಡಿಸುತ್ತಿದ್ದೆ. ಬೇಕಾದ ಶ್ರುತಿಯಲ್ಲಿ ಇರುವುದಿಲ್ಲ, ಇದ್ದರೆ ವೇಗ ಜಾಸ್ತಿ, ಎರಡೂ ಸರಿ ಇದ್ದರೆ ಮಧ್ಯದಲ್ಲಿ ಗುಟ್ಕಾ ಜಾಹೀರಾತು. ಅದಕ್ಕೇ ಒಂದು ಸಾಫ್ಟ್‌ವೇರ್ ತಗೊಳ್ಳೋಣ ಅಂತ. ಬ್ಯಾಂಡ್-ಇನ್-ಎ-ಬಾಕ್ಸ್, ಐರಿಯಲ್ ಪ್ರೋ ಎರಡರ ಹೆಸರು ಕೇಳಿದ್ದೇನೆ. ನನ್ನ ಹತ್ತಿರ 4 ಜಿಬಿ ರ್‍ಯಾಮ್ ಇರುವ ಹಳೇ ವಿಂಡೋಸ್ ಲ್ಯಾಪ್‌ಟಾಪ್, ಒಂದು ಆಂಡ್ರಾಯ್ಡ್ ಫೋನ್, ಒಂದು ಬ್ಲೂಟೂತ್ ಸ್ಪೀಕರ್ ಇದೆ. ಮೇಲಿನ ಮನೆ ಅಜ್ಜಿ ಮಧ್ಯಾಹ್ನ ಮಲಗುವುದರಿಂದ ಭಾನುವಾರ ಬೆಳಗ್ಗೆ ಕುಂದವಾಡ ಕೆರೆ ಕಡೆ ಹೋಗಿ ನುಡಿಸುವುದೂ ಉಂಟು. ಹಾಗಾಗಿ ನೆಟ್ ಇಲ್ಲದೆಯೂ ನಡೆಯಬೇಕು. ಯಾವುದು ತಗೊಳ್ಳಲಿ?

ಕೀಬೋರ್ಡ್ ಹುಡುಗ:

ಐರಿಯಲ್ ಪ್ರೋ ತಗೊಳ್ಳಿ ಅಣ್ಣಾ. ಒಂದು ಸಲ ದುಡ್ಡು ಕೊಟ್ಟರೆ ಆಯ್ತು, ತಿಂಗಳ ಬಾಡಿಗೆ ಇಲ್ಲ, ನೆಟ್ ಬೇಡ. ವಿಂಡೋಸ್‌ಗೆ ಇಲ್ಲ, ಆದರೆ ಆಂಡ್ರಾಯ್ಡ್‌ಗೆ ಇದೆಯಲ್ಲ, ನಿಮಗೆ ಅದೇ ಸಾಕು. ಪರದೆ ಮೇಲೆ ಕಾರ್ಡ್‌ಗಳು ಓಡುತ್ತವೆ (ಕೆಲವು ಸ್ವರ ಒಟ್ಟಿಗೇ ನುಡಿಸುವುದು, ಸಿ ಮೇಜರ್, ಜಿ ಸೆವೆಂತ್ ಅಂತಾರಲ್ಲ ಆ ಕಾರ್ಡ್, ರೇಷನ್ ಕಾರ್ಡ್ ಅಲ್ಲ), ಪಿಯಾನೊ, ಬೇಸ್, ಡ್ರಮ್ಸ್ ಅದಕ್ಕೆ ತಕ್ಕ ಹಾಗೆ ನುಡಿಯುತ್ತವೆ. ವೇಗ, ಶ್ರುತಿ, ಎಷ್ಟು ಸುತ್ತು ಎಲ್ಲ ನಮ್ಮ ಕೈಯಲ್ಲಿ. ಮೂರು ವಾದ್ಯದ ದನಿ ಬೇರೆ ಬೇರೆ ಏರಿಸಿ ಇಳಿಸಬಹುದು. ಒಂದೊಂದು ಸುತ್ತಿಗೂ ತಾನೇ ವೇಗ ಏರಿಸುವ, ಶ್ರುತಿ ಬದಲಿಸುವ ವ್ಯವಸ್ಥೆಯೂ ಇದೆ.

ಹಾಡಿನ ಟ್ಯೂನ್ ಮಾತ್ರ ಇರುವುದಿಲ್ಲ, ಗಾಬರಿ ಆಗಬೇಡಿ. ಟ್ಯೂನಿಗೆ ಕಾಪಿರೈಟ್ ಇರುತ್ತದೆ, ಬರೀ ಕಾರ್ಡ್ ಸಾಲಿಗೆ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೇ ಜನ ಹಾಕಿರುವ ಸಾವಿರಕ್ಕೂ ಹೆಚ್ಚು ಹಾಡಿನ ಕಾರ್ಡ್ ಪಟ್ಟಿ ಪುಕ್ಕಟೆ ಸಿಗುತ್ತದೆ.

ಆರುತಂತಿ:

ಚಿತ್ರದುರ್ಗದಿಂದ. ಗಿಟಾರ್ ನುಡಿಸುತ್ತೇನೆ. ನಾನು ಬ್ಯಾಂಡ್-ಇನ್-ಎ-ಬಾಕ್ಸ್ ದಾರಿ ಹಿಡಿದವನು, ಹಾಗಾಗಿ ಆ ಕಡೆಯ ಮಾತು ಹೇಳುತ್ತೇನೆ.

ಇದು ಹಳೇ ಹುಲಿ. ಕೆನಡಾದ ಪಿಜಿ ಮ್ಯೂಸಿಕ್‌ನವರು 1990ರಲ್ಲೇ ತಂದದ್ದು. ಮೊದಲು ಬರೀ ಮಿಡಿ ದನಿ (ಕಂಪ್ಯೂಟರೇ ಹುಟ್ಟಿಸುವ ವಾದ್ಯದ ದನಿ) ಇತ್ತು. ಆಮೇಲೆ ರಿಯಲ್‌ಟ್ರ್ಯಾಕ್ಸ್ ಅಂತ ಬಂತು. ನಿಜವಾದ ವಾದಕರನ್ನು ಕೂರಿಸಿ ತುಂಡು ತುಂಡಾಗಿ ರೆಕಾರ್ಡ್ ಮಾಡಿ ಇಟ್ಟಿರುತ್ತಾರೆ, ನೀವು ಕಾರ್ಡ್ ಟೈಪ್ ಮಾಡಿದರೆ ಅದಕ್ಕೆ ಹೊಂದುವ ತುಂಡುಗಳನ್ನು ಹೊಲಿದು ಕೊಡುತ್ತದೆ. ಕೇಳಿದರೆ ಪಕ್ಕದ ಕೋಣೆಯಲ್ಲಿ ಯಾರೋ ಬೇಸ್ ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಬ್ರಷ್‌ನಲ್ಲಿ ನುಡಿಸಿದ ಡ್ರಮ್ಸ್ ಸದ್ದನ್ನಂತೂ ಫೋನಿನ ಮಿಡಿ ದನಿಗೆ ಹೋಲಿಸುವ ಹಾಗೇ ಇಲ್ಲ.

ಆದರೆ ದೊಡ್ಡ ಪ್ಯಾಕ್‌ಗಳು ನೂರಾರು ಜಿಬಿ ಇರುತ್ತವೆ, ಹಾರ್ಡ್‌ಡಿಸ್ಕ್‌ನಲ್ಲೇ ಹಾಕಿ ಕಳಿಸುತ್ತಾರೆ. ನಿಮ್ಮ 4 ಜಿಬಿ ಲ್ಯಾಪ್‌ಟಾಪ್ ಇದನ್ನು ಎಳೆದರೂ ಏದುಸಿರು ಬಿಡುತ್ತಾ ಎಳೆಯುತ್ತದೆ. ಇನ್ನೊಂದು ವಿಷಯ, ಇದು ನನ್ನ ತಪ್ಪು, ಸಾಫ್ಟ್‌ವೇರ್‌ದಲ್ಲ. ಸಾವಿರಾರು ಸ್ಟೈಲ್ ಇದ್ದದ್ದರಿಂದ ಸಂಜೆ ಎರಡು ಗಂಟೆ ಸಮಯ ಸಿಕ್ಕರೆ ಒಂದೂವರೆ ಗಂಟೆ "ಈ ಬೇಸ್ ಚೆನ್ನಾಗಿದೆಯಾ, ಆ ಬೇಸ್ ಚೆನ್ನಾಗಿದೆಯಾ" ಅಂತ ಸೀರೆ ಅಂಗಡಿಯಲ್ಲಿ ಕೂತ ಹಾಗೆ ಕೂತಿರುತ್ತಿದ್ದೆ. ಮೂರು ತಿಂಗಳಾದರೂ ಒಂದು ಬ್ಲೂಸ್ (ಒಂದೇ ಕಾರ್ಡ್ ಸಾಲು ಸುತ್ತುವ ಹಾಡು) ನೆಟ್ಟಗೆ ಬರಲಿಲ್ಲ. ಸ್ವಂತ ಹಾಡು ಕಟ್ಟಿ ಡೆಮೊ ಮಾಡುವವರಿಗೆ ಅದು ಬಂಗಾರ. ಬರೀ ಪ್ರಾಕ್ಟೀಸಿಗಾದರೆ ಕೀಬೋರ್ಡ್ ಹುಡುಗ ಹೇಳಿದ್ದೇ ಸರಿ.

ಮಂಡಿಪೇಟೆ ಆಲ್ಟೋ:

ಧನ್ಯವಾದ ಸರ್. ಪುಕ್ಕಟೆಯದ್ದು ಯಾವುದೂ ಇಲ್ವಾ? ತಿಂಗಳ ಕೊನೆ.

ಕೀಬೋರ್ಡ್ ಹುಡುಗ:

ಇದೆ. ಜೆಜಾಝ್‌ಲ್ಯಾಬ್ ಅಂತ ಒಂದು, ವಿಂಡೋಸ್‌ನಲ್ಲಿ ನಡೆಯುತ್ತದೆ, ಪೂರ್ತಿ ಪುಕ್ಕಟೆ. ಅದು ಯಮಹಾ ಕೀಬೋರ್ಡ್‌ಗಳ ಸ್ಟೈಲ್ ಫೈಲ್‌ಗಳನ್ನೇ ಬಳಸುತ್ತದೆ. ಇಂಪ್ರೊ-ವೈಸರ್ ಅಂತ ಇನ್ನೊಂದು, ಅಮೆರಿಕದ ಹಾರ್ವೆ ಮಡ್ ಕಾಲೇಜಿನಲ್ಲಿ ಹುಟ್ಟಿದ್ದು. ನೋಡೋಕೆ ಹಳೇ ಕಾಲದ್ದು, ಆದರೆ ಅದರಲ್ಲಿ ನೀವು ಸೋಲೋ (ಒಬ್ಬರೇ ಮುಂದೆ ನುಡಿಸುವ ಭಾಗ) ಬರೆದರೆ ಯಾವ ಸ್ವರ ಕಾರ್ಡ್ ಒಳಗಿನದು, ಯಾವುದು ಹೊರಗಿನದು ಅಂತ ಬಣ್ಣದಲ್ಲಿ ತೋರಿಸುತ್ತದೆ. ಸ್ವರ ಆರಿಸುವುದು ಕಲಿಯಲು ಇದು ಒಳ್ಳೆಯದು.

ಇನ್ನೊಂದು ಐಡಿಯಾ. ನಾನು ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ನುಡಿಸುವವನು. ನಮ್ಮಂಥವರ ಹತ್ತಿರ ಇರುವ ಯಮಹಾ ಪಿಎಸ್ಆರ್ ಕೀಬೋರ್ಡ್‌ನಲ್ಲೇ ಸ್ವಿಂಗ್ (ಜಾಝ್‌ನ ತೂಗುವ ಲಯ) ಸ್ಟೈಲ್ ಇರುತ್ತದೆ. ಎಡಗೈಲಿ ಕಾರ್ಡ್ ಹಿಡಿದರೆ ಸಾಕು, ಬೇಸ್, ಡ್ರಮ್ಸ್ ಬರುತ್ತದೆ. ಸೀಸನ್ ಮುಗಿದ ಮೇಲೆ ಯಾರಾದರೂ ಗೆಳೆಯರ ಮನೆಯಲ್ಲಿ ಕವರ್ ಹೊದ್ದು ಮಲಗಿರುತ್ತದೆ, ಕೇಳಿ ನೋಡಿ.

ಠೇಕಾ:

ಎಲ್ಲರೂ ಸಾಫ್ಟ್‌ವೇರ್ ಹೇಳಿದಿರಿ, ಅದನ್ನು ಹೇಗೆ ಬಳಸಬೇಕು ಅಂತ ಯಾರೂ ಹೇಳಲಿಲ್ಲ. ನಾನು ತಬಲಾದವನು, ದಾವಣಗೆರೆಯವನೇ. ಜಾಝ್ ಕೇಳುತ್ತೇನೆ, ನುಡಿಸಲ್ಲ. ತಪ್ಪಿದ್ದರೆ ತಿದ್ದಿ.

ನಾವು ಲೆಹರಾ ಹಾಕಿಕೊಂಡು ಸಾಧನೆ ಮಾಡುತ್ತೇವೆ. ಹಾರ್ಮೋನಿಯಂ ಅಥವಾ ಸಾರಂಗಿಯಲ್ಲಿ ಒಂದೇ ಸಾಲು ಸುತ್ತುತ್ತಾ ಇರುತ್ತದೆ, ನಾವು ಕಾಯ್ದಾ (ತಬಲಾದ ಪಾಠ) ನುಡಿಸಿ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬರಬೇಕು. ಈಗ ಮೊಬೈಲಲ್ಲೇ ಲೆಹರಾ ಬಂದಿದೆ. ಅದರಿಂದ ಆದ ಒಂದು ಕೆಡುಕು ಹೇಳುತ್ತೇನೆ. ಲೆಹರಾ ಇಷ್ಟು ಸ್ಪಷ್ಟವಾಗಿ ಸಮ ತೋರಿಸುತ್ತದಲ್ಲ, ಹುಡುಗರು ಎಣಿಸುವುದನ್ನೇ ಬಿಟ್ಟರು. ಕಿವಿ ಲೆಹರಾಗೆ ಒರಗಿಬಿಡುತ್ತದೆ. ಲೆಹರಾ ನಿಲ್ಲಿಸಿ ನುಡಿಸು ಅಂದರೆ ಮೂರನೇ ಆವರ್ತನಕ್ಕೆ ಕಳೆದುಹೋಗುತ್ತಾರೆ.

ನಿಮ್ಮ ಬ್ಲೂಸ್ 12 ಬಾರ್, ಬಾರ್‌ಗೆ 4 ಮಾತ್ರೆ, ಒಟ್ಟು 48 ಮಾತ್ರೆಯ ಒಂದು ಆವರ್ತನ ಅಂದುಕೊಳ್ಳಿ. ಪಿಯಾನೊ ಕಾರ್ಡ್ ಬದಲಿಸಿದ ಕೂಡಲೇ "ಓ, ಐದನೇ ಬಾರ್ ಬಂತು" ಅಂತ ಗೊತ್ತಾದರೆ ಅದು ನಿಮಗೆ ಗೊತ್ತಾದದ್ದಲ್ಲ, ಪಿಯಾನೊದವನು ಹೇಳಿಕೊಟ್ಟದ್ದು. ಹಾಗಾಗಿ ಸಾಫ್ಟ್‌ವೇರ್ ಆರಿಸುವಾಗ ನಾನಾಗಿದ್ದರೆ ಒಂದೇ ಪ್ರಶ್ನೆ ಕೇಳುತ್ತಿದ್ದೆ. ವಾದ್ಯಗಳನ್ನು ಒಂದೊಂದಾಗಿ ಬಾಯಿ ಮುಚ್ಚಿಸೋಕೆ ಬರುತ್ತಾ? ಮೊದಲ ವಾರ ಮೂರೂ ಇರಲಿ. ಆಮೇಲೆ ಪಿಯಾನೊ ತೆಗೆಯಿರಿ. ಆಮೇಲೆ ಬೇಸ್ ತೆಗೆದು ಬರೀ ಡ್ರಮ್ಸ್‌ಗೆ 12 ಬಾರ್ ಸುತ್ತು ಹಾಕಿ. ಆಗ ಸಮ ಎಲ್ಲಿದೆ ಅಂತ ನಿಮ್ಮ ಹೊಟ್ಟೆಗೇ ಗೊತ್ತಾಗಬೇಕು.

ಆರುತಂತಿ:

ಠೇಕಾ ಸರ್ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಇದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಕೊನೆಗೆ ಡ್ರಮ್ಸ್ ಕೂಡ ತೆಗೆದು ಮೆಟ್ರೊನೋಮ್ ಇಟ್ಟುಕೊಳ್ಳಿ, ಆದರೆ ಅದರ ಟಿಕ್ ಅನ್ನು 1 ಅಂತ ಎಣಿಸಬೇಡಿ, 2 ಮತ್ತು 4 ಅಂತ ಎಣಿಸಿ. ಜಾಝ್ ಡ್ರಮ್ಮರ್ ಕಾಲಿನಲ್ಲಿ ಹೈ-ಹ್ಯಾಟ್ (ಜೋಡಿ ತಟ್ಟೆ) ಮುಚ್ಚುವುದು ಆ 2 ಮತ್ತು 4ಕ್ಕೇ. ವೇಗ 120 ಬೇಕಾದರೆ ಮೆಟ್ರೊನೋಮ್ 60ಕ್ಕೆ ಇಡಬೇಕು. ಮೊದಲ ದಿನ ತಲೆ ತಿರುಗುತ್ತದೆ. ನಮಗೆ ಭಜನೆಯಲ್ಲಿ, ಮೆರವಣಿಗೆಯಲ್ಲಿ ಮೊದಲ ಪೆಟ್ಟಿಗೆ ಒತ್ತು ಹಾಕಿ ಅಭ್ಯಾಸ. ಬ್ಯಾಂಡ್‌ನಲ್ಲಿ ಕಲಿತವರಿಗಂತೂ ಜಾಸ್ತಿ ಕಾಟ ಕೊಡುತ್ತದೆ.

ಕ್ಲಾರಿನೆಟ್ ಅಜ್ಜ:

ನಲವತ್ತು ವರ್ಷ ಬ್ಯಾಂಡ್ ಊದಿದವನು ನಾನು. ಬ್ಯಾಂಡಿನವರಿಗೆ ಕಾಟ ಅಂತೆ! ಇರಲಿ, ನಿಜವೇ ಹೇಳಿದಿರಿ.

ತಮ್ಮಾ, ಈ ಪೆಟ್ಟಿಗೆಗಳಿಗಿಂತ ಮುಂಚೆಯೂ ಒಂದು ಉಪಾಯ ಇತ್ತು. ಜೇಮಿ ಏಬರ್‌ಸೋಲ್ಡ್ ಅಂತ ಅಮೆರಿಕದ ಸ್ಯಾಕ್ಸ್ ಮೇಷ್ಟ್ರು 1967ರಲ್ಲಿ ಮೊದಲ ಪ್ಲೇ-ಅಲಾಂಗ್ ಪ್ಲೇಟ್ ತಂದರು. ಆಮೇಲೆ ಅದು ನೂರಕ್ಕೂ ಹೆಚ್ಚು ಭಾಗ ಬೆಳೆಯಿತು. ಮಷಿನ್ ಅಲ್ಲ, ಪಳಗಿದ ವಾದಕರೇ ಕೂತು ನುಡಿಸಿದ್ದು, ಸೋಲೋ ಜಾಗ ಮಾತ್ರ ಖಾಲಿ. ಅವರ ಜಾಣತನ ನೋಡು. ಎಡಗಡೆ ಸ್ಪೀಕರ್‌ನಲ್ಲಿ ಬೇಸ್ ಮತ್ತು ಡ್ರಮ್ಸ್, ಬಲಗಡೆ ಪಿಯಾನೊ ಮತ್ತು ಡ್ರಮ್ಸ್. ಬ್ಯಾಲೆನ್ಸ್ ತಿರುಗಣಿ ಎಡಕ್ಕೆ ತಿರುಗಿಸಿದರೆ ಪಿಯಾನೊದವನು ಎದ್ದು ಹೋದ. ಠೇಕಾ ಅವರು ಹೇಳಿದ ಬಾಯಿ ಮುಚ್ಚಿಸುವ ಕೆಲಸ ಆಗಲೇ ಮಾಡಿದ್ದರು. ಈಗಲೂ ಸಿಗುತ್ತವೆ. ಒಂದು ಕೊರತೆ ಅಂದರೆ ವೇಗ, ಶ್ರುತಿ ರೆಕಾರ್ಡ್ ಆದದ್ದೇ. ಬದಲಿಸಬೇಕಾದರೆ ಆಡಾಸಿಟಿಯಂಥ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಹಾಕಿ ಸ್ವಲ್ಪ ನಿಧಾನ ಮಾಡಿಕೊಳ್ಳಬಹುದು, ತೀರಾ ಎಳೆದರೆ ದನಿ ನೀರಿನೊಳಗಿಂದ ಬಂದ ಹಾಗೆ ಆಗುತ್ತದೆ.

ಆಮೇಲೆ ಕದ್ರಿಯವರ ಮಾತು ಬಂತಲ್ಲ, ಬೇಜಾರು ಮಾಡಿಕೊಳ್ಳಬೇಡ. ಅವರು 2008ರಲ್ಲಿ ಅಮೆರಿಕದ ಜಾಝ್ ಆಲ್ಟೋ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ಸೇರಿ ಆಲ್ಬಂ ಮಾಡಿದ್ದಾರೆ. ಎರಡು ಆಲ್ಟೋ, ಎರಡು ದಾರಿ. ಹುಡುಕಿ ಕೇಳು.

ಮಂಡಿಪೇಟೆ ಆಲ್ಟೋ:

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಬಳ ಆಯ್ತು, ಐರಿಯಲ್ ಪ್ರೋ ತಗೊಂಡೆ. ಎಫ್ ಬ್ಲೂಸ್ ಹಾಕಿ, ಪರದೆಯಲ್ಲಿ ಎಫ್ ಇದೆ ಅಂತ ಎಫ್ ಸ್ಕೇಲ್ ಊದಿದರೆ ಮನೆಯವಳು ಅಡುಗೆಮನೆಯಿಂದ ಓಡಿ ಬಂದಳು. ಒಂದು ಸ್ವರವೂ ಕೂಡುತ್ತಿಲ್ಲ. ಆ್ಯಪ್ ಹಾಳಾಗಿದೆಯಾ, ನಾನಾ?

ಆರುತಂತಿ:

ಇಬ್ಬರೂ ಹಾಳಾಗಿಲ್ಲ. ಆಲ್ಟೋ ಇ ಫ್ಲ್ಯಾಟ್ ವಾದ್ಯ. ನೀವು ಸಿ ಅಂತ ಬೆರಳು ಹಾಕಿದರೆ ಹೊರಗೆ ಬರುವುದು ಪಿಯಾನೊದ ಇ ಫ್ಲ್ಯಾಟ್. ಪಿಯಾನೊ ಎಫ್‌ನಲ್ಲಿ ನುಡಿಯುವಾಗ ನೀವು ಡಿ ಅಂತ ಬೆರಳು ಹಾಕಬೇಕು. ಸೆಟ್ಟಿಂಗ್‌ನಲ್ಲಿ ವಾದ್ಯ ಇ ಫ್ಲ್ಯಾಟ್ ಅಂತ ಆರಿಸಿ, ಆಗ ಬ್ಯಾಂಡ್ ಎಫ್‌ನಲ್ಲೇ ನುಡಿಯುತ್ತದೆ, ಪರದೆಯಲ್ಲಿ ನಿಮಗೆ ಡಿ ಕಾಣುತ್ತದೆ.

ಕ್ಲಾರಿನೆಟ್ ಅಜ್ಜ:

ಹಾರ್ಮೋನಿಯಂನವರು "ಬಿಳಿ ನಾಲ್ಕು" ಅಂದಾಗ ನಿಮ್ಮ ಮಾಸ್ಟರ್ ಯಾವ ಬೆರಳು ಹಾಕಿಸುತ್ತಿದ್ದರು ನೆನಪು ಮಾಡಿಕೋ. ಅದೇ ಇದು. ಬಿಳಿ ನಾಲ್ಕೇ ಎಫ್. ನಿನಗೆ ಗೊತ್ತಿರುವುದೇ, ಹೆಸರು ಬೇರೆ ಅಷ್ಟೇ.

ಮಂಡಿಪೇಟೆ ಆಲ್ಟೋ:

ಅಯ್ಯೋ ಹೌದಲ್ಲಾ! ಸರಿ ಹೋಯ್ತು. ವೇಗ 90ಕ್ಕೆ ಇಟ್ಟು ಅರ್ಧ ಗಂಟೆ ಅದೊಂದನ್ನೇ ಊದಿದೆ. ಪಿಯಾನೊ ತೆಗೆದು ನೋಡಿದೆ, ಠೇಕಾ ಸರ್, ಎಂಟನೇ ಬಾರ್‌ನಲ್ಲಿ ಮಣ್ಣು ಮುಕ್ಕಿದೆ.

ಇನ್ನೆರಡು ಅನುಮಾನ. ಬ್ಲೂಟೂತ್‌ನಲ್ಲಿ ಶಬ್ದ ತಡವಾಗಿ ಬರುತ್ತದೆ ಅಂತಾರೆ, ಅದರಿಂದ ನನ್ನ ತಾಳ ಕೆಡುತ್ತದಾ? ಸ್ಪೀಕರ್ ಚಿಕ್ಕದು, ಸ್ಯಾಕ್ಸ್ ಮುಂದೆ ಅದರ ದನಿ ಕೇಳುವುದೇ ಇಲ್ಲ. ಇಯರ್‌ಫೋನ್ ಹಾಕಿದರೆ ನನ್ನ ಸ್ಯಾಕ್ಸ್ ನನಗೇ ಸರಿಯಾಗಿ ಕೇಳುವುದಿಲ್ಲ.

ಕೀಬೋರ್ಡ್ ಹುಡುಗ:

ನಿಮಗೆ ಬ್ಲೂಟೂತ್ ತೊಂದರೆ ಇಲ್ಲ ಅಣ್ಣಾ. ಟ್ರ್ಯಾಕ್ ಪೂರ್ತಿ ಒಂದೇ ಸಮ ತಡವಾಗಿ ಬರುತ್ತದೆ, ನೀವು ಕೇಳಿಸಿದ್ದಕ್ಕೆ ನುಡಿಸುತ್ತೀರಿ, ನಿಮ್ಮ ಸ್ಯಾಕ್ಸ್ ನೇರ ಗಾಳಿಯಲ್ಲಿ ಕೇಳುತ್ತದೆ. ಕಾಟ ನಮ್ಮಂಥವರಿಗೆ. ಕೀಬೋರ್ಡ್ ದನಿಯನ್ನೇ ಬ್ಲೂಟೂತ್‌ನಲ್ಲಿ ಕಳಿಸಿದರೆ ಕೀಲಿ ಒತ್ತಿದ ಮೇಲೆ ಸ್ವರ ಬರುತ್ತದೆ, ನುಡಿಸೋಕೇ ಆಗಲ್ಲ. ನೀವು ಕಂಪ್ಯೂಟರ್‌ನಲ್ಲಿ ಟ್ರ್ಯಾಕ್ ಮೇಲೆ ಸ್ಯಾಕ್ಸ್ ರೆಕಾರ್ಡ್ ಮಾಡಲು ಹೋದರೆ ಮಾತ್ರ ವೈರ್ ಇರುವ ಇಯರ್‌ಫೋನ್ ಹಾಕಿ, ಇಲ್ಲದಿದ್ದರೆ ಎರಡೂ ಜರುಗಿ ಕೂರುತ್ತವೆ.

ದನಿಗೆ ಸುಲಭದ ದಾರಿ, ಇಯರ್‌ಫೋನ್ ಒಂದೇ ಕಿವಿಗೆ ಹಾಕಿಕೊಳ್ಳಿ, ಇನ್ನೊಂದು ಕಿವಿ ಸ್ಯಾಕ್ಸ್‌ಗೆ ಬಿಡಿ.

ಕ್ಲಾರಿನೆಟ್ ಅಜ್ಜ:

ಮುಂದೆ ಏಬರ್‌ಸೋಲ್ಡ್ ಪ್ಲೇಟ್ ಹಾಕಿದಾಗ ಎಡಗಿವಿದು ಹಾಕಿಕೋ ತಮ್ಮಾ. ಬಲಗಿವಿದು ಹಾಕಿದರೆ ಬೇಸ್‌ನವನು ಮಾಯ, ಆಮೇಲೆ ಮತ್ತೆ ಇಲ್ಲಿ ಬಂದು ಆ್ಯಪ್ ಹಾಳಾಗಿದೆಯಾ ಅಂತ ಕೇಳ್ತೀಯ.