ಕಾರ್‌ಪೂಲಿಂಗ್: ಹಂಚಿಕೆಯೋ, ವಂತಿಗೆಯೋ, ಮುಯ್ಯಿಯೋ?

ಒಂದೇ ದಿಕ್ಕಿಗೆ ಕೆಲಸಕ್ಕೆ ಹೋಗುವ ಮೂರು ನಾಲ್ಕು ಮಂದಿ ಒಂದೇ ಕಾರಿನಲ್ಲಿ ಕೂಡಿ ಹೋಗಿ ಪೆಟ್ರೋಲಿನ ಖರ್ಚನ್ನು ಹಗುರ ಮಾಡಿಕೊಳ್ಳುವ ರೂಢಿಯನ್ನು ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಾಗಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ ‘ಕಾರ್‌ಪೂಲಿಂಗ್’ ಎಂದೇ ಕರೆಯುತ್ತಾರೆ. ಬರಹದಲ್ಲಿ ಇದನ್ನು ‘ವಾಹನ ಹಂಚಿಕೆ’ ಎಂದು ಕನ್ನಡಿಸುವುದುಂಟು. ಈ ಪದ ನನಗೆ ಒಪ್ಪಿಗೆಯಾಗಿಲ್ಲ. ನಿವೇಶನ ಹಂಚಿಕೆ, ಪಡಿತರ ಹಂಚಿಕೆ ಎಂಬ ಮಾತುಗಳಿಗೆ ಪಳಗಿದ ಕಿವಿಗೆ ವಾಹನ ಹಂಚಿಕೆ ಎಂದರೆ ಸರ್ಕಾರ ಫಲಾನುಭವಿಗಳನ್ನು ಸಾಲಾಗಿ ನಿಲ್ಲಿಸಿ ಕಾರು ಕೊಡುತ್ತಿರುವಂತೆ ಕೇಳಿಸುತ್ತದೆ. ‘ಹಂಚಿಕೆ ಹಾಕು’ ಎಂದಾಗ ಉಪಾಯ ಹೂಡುವ ಅರ್ಥವೂ ಬರುತ್ತದೆ. ‘ಸಹಪ್ರಯಾಣ’ ಚೆನ್ನಾಗಿದೆ, ಆದರೆ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನೂ ಸಹಪ್ರಯಾಣಿಕನೇ ಆದ್ದರಿಂದ ಖರ್ಚಿನ ಸುಳಿವು ಅದರಲ್ಲಿ ಇಲ್ಲ.

ಇಂಗ್ಲಿಷಿನ ಈ ‘ಪೂಲ್’ ನೀರಿನ ಕೊಳವಲ್ಲ, ಆಟಗಾರರೆಲ್ಲ ನಡುವೆ ಕೂಡಿಹಾಕುವ ಪಣದ ಹಣ. ಅದರ ಮೂಲವನ್ನು ಕೋಳಿ ಎಂಬರ್ಥದ ಫ್ರೆಂಚ್ ಪದದಲ್ಲಿ ಗುರುತಿಸುತ್ತಾರೆ. ಊರಹಬ್ಬಕ್ಕೆ ಮನೆಗಿಷ್ಟೆಂದು ಎತ್ತುವ ‘ವಂತಿಗೆ’ ಈ ಅರ್ಥಕ್ಕೆ ಬಹಳ ಹತ್ತಿರದ್ದು, ಏಕೆಂದರೆ ವಂತಿಗೆಯಲ್ಲಿ ಲಾಭದ ಮಾತಿಲ್ಲ, ತಗಲುವ ಖರ್ಚಿಗೆ ಎಲ್ಲರೂ ಹೆಗಲು ಕೊಡುವುದಷ್ಟೇ ಇದೆ.

ಈ ವ್ಯತ್ಯಾಸ ಕೇವಲ ಪದದ ಚಪಲವಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ ಪ್ರಕಾರ ಬಾಡಿಗೆಗೆ ಜನರನ್ನು ಒಯ್ಯುವ ವಾಹನಕ್ಕೆ ರಹದಾರಿ ಬೇಕು. ಬಿಳಿ ಫಲಕದ ಸ್ವಂತ ಕಾರಿಗೆ ಅದು ಇರುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಕಾರ್‌ಪೂಲಿಂಗ್ ಬಗ್ಗೆ ವಿವಾದ ಎದ್ದಾಗ ಹಳದಿ ಫಲಕದ ಚಾಲಕರ ತಕರಾರಿನ ಹುರುಳೂ ಇದೇ ಆಗಿತ್ತು: ಜೊತೆಗಾರರು ಕೊಡುವ ಹಣ ಖರ್ಚಿನ ಪಾಲೋ, ಬಾಡಿಗೆಯೋ? ‘ರೈಡ್ ಶೇರಿಂಗ್’ ಎಂಬ ಮಾತು ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಆ್ಯಪ್‌ನಲ್ಲಿ ಕರೆಸಿಕೊಳ್ಳುವ ಟ್ಯಾಕ್ಸಿಯಲ್ಲಿ ನಿಜವಾಗಿ ಯಾರೂ ಏನನ್ನೂ ಶೇರ್ ಮಾಡುವುದಿಲ್ಲ, ಅದು ಅಚ್ಚ ಬಾಡಿಗೆಯೇ. ‘ಶೇರ್ ಆಟೋ’ದಲ್ಲಿ ಪ್ರಯಾಣಿಕರು ಆಸನಗಳನ್ನು ಹಂಚಿಕೊಂಡರೂ ಚಾಲಕನಿಗೆ ಸಲ್ಲುವುದು ಬಾಡಿಗೆಯೇ.

ಇನ್ನು ಹಣವೇ ಕೈಬದಲಾಗದ ಒಂದು ಬಗೆಯಿದೆ. ಈ ವಾರ ನನ್ನ ಕಾರು, ಮುಂದಿನ ವಾರ ನಿಮ್ಮದು ಎಂಬ ಸರದಿಯ ಏರ್ಪಾಡು ಅದು. ಇದಕ್ಕೆ ‘ಮುಯ್ಯಿ’ಗಿಂತ ಒಪ್ಪುವ ಪದ ನನಗೆ ತೋಚುತ್ತಿಲ್ಲ. ಇಂದು ನಿಮ್ಮ ಗದ್ದೆಯ ನಾಟಿಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು ಬರಬೇಕೆಂಬ ‘ಮುಯ್ಯಾಳು’ ಪದ್ಧತಿಯಲ್ಲಿ ಕೂಲಿಯಿಲ್ಲ, ಲೆಕ್ಕವಿದೆ; ಸರದಿಯ ಕಾರಿನಲ್ಲಿಯೂ ಹಾಗೆಯೇ. ಒಂದೇ ಅಳುಕೆಂದರೆ, ‘ಮುಯ್ಯಿ ತೀರಿಸಿಕೊಂಡ’ ಎಂದಾಗ ಸೇಡಿನ ಧ್ವನಿಯೇ ಮುಂದಾಗುತ್ತದೆ, ಮದುವೆಯಲ್ಲಿ ಉಡುಗೊರೆಗೆ ಮುಯ್ಯಿ ಎನ್ನುವ ಊರುಗಳಲ್ಲಿ ಆ ಅಳುಕು ಅಷ್ಟಿರಲಾರದಾದರೂ.

ಆದ್ದರಿಂದ ಬಲ್ಲವರಲ್ಲಿ ನನ್ನ ಪ್ರಶ್ನೆ ಎರಡು. ಖರ್ಚು ಕೂಡಿಸಿ ಹೋಗುವುದಕ್ಕೆ ‘ವಂತಿಗೆ ಪಯಣ’, ಸರದಿಯ ಮೇಲೆ ಹೋಗುವುದಕ್ಕೆ ‘ಮುಯ್ಯಿ ಪಯಣ’ ಎಂದರೆ ನಿಮ್ಮ ಕಡೆಯ ಕಿವಿಗೆ ಹೇಗೆ ಕೇಳಿಸುತ್ತದೆ? ಸಂತೆಗೆ ಒಂದೇ ಗಾಡಿ ಹೂಡಿಕೊಂಡು ಹಲವು ಮನೆಯವರು ಹೋಗುತ್ತಿದ್ದುದಕ್ಕೆ ನಿಮ್ಮ ಸೀಮೆಯ ಹಿರಿಯರ ಬಾಯಲ್ಲಿ ಪ್ರತ್ಯೇಕ ಹೆಸರೇನಾದರೂ ಉಳಿದಿದೆಯೇ?