ಸಹಾಯ ಬೇಕು: ಬೀದರ್‌ನಿಂದ ಹೈದರಾಬಾದ್, ಅಲ್ಲಿಂದ ದುಬೈ ವಿಮಾನ

ಎಲ್ಲರಿಗೂ ನಮಸ್ಕಾರ್ರಿ. ಅವ್ವನನ್ನು ದುಬೈನಲ್ಲಿರುವ ತಂಗಿ ಮನೆಗೆ ಕರೆದುಕೊಂಡು ಹೋಗಬೇಕು, ಹೈದರಾಬಾದ್‌ನಿಂದ ನೇರ ವಿಮಾನ. ಟಿಕೆಟ್‌ನಲ್ಲಿ ಬೆಳಿಗ್ಗೆ 10:20ಕ್ಕೆ ಬಿಟ್ಟು ಮಧ್ಯಾಹ್ನ 12:40ಕ್ಕೆ ಮುಟ್ಟುತ್ತೆ ಅಂತಿದೆ. ಅವ್ವ ಅದನ್ನು ನೋಡಿ ಎರಡೂ ಕಾಲು ತಾಸಷ್ಟೇ ಅಲ್ವಾ ಅಂತ ಖುಷಿಯಾಗಿದ್ದಾರೆ! ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ, ಹಾಗಾಗಿ ನಿಜವಾಗಿ ಕೂರೋದು 3 ತಾಸು 50 ನಿಮಿಷ. ದೂರ ಸುಮಾರು 2,550 ಕಿ.ಮೀ. ಹೋಗುವಾಗ ಎದುರು ಗಾಳಿ ಇರುತ್ತೆ, ಬರುವಾಗ ಸ್ವಲ್ಪ ಬೇಗ ಬರಬಹುದು.

ನನ್ನ ತಲೆನೋವು ವಿಮಾನದ್ದಲ್ಲ, ರಸ್ತೆಯದ್ದು. ಮೂರು ತಾಸು ಮೊದಲೇ ಶಂಷಾಬಾದ್ ಏರ್‌ಪೋರ್ಟ್‌ನಲ್ಲಿರಬೇಕು, ಅಂದರೆ 7:20ಕ್ಕೆ. ಜಹೀರಾಬಾದ್, ಸಂಗಾರೆಡ್ಡಿ ದಾಟಿ ರಿಂಗ್ ರೋಡ್ ಹಿಡಿದು ಹೋಗೋಕೆ ನಸುಕಿನಲ್ಲಿ ಎಷ್ಟು ಹೊತ್ತು ಬೇಕು? ಮೂರೂವರೆಗೆ ಬಿಟ್ಟರೆ ಸಾಕಾ, ಇಲ್ಲ ರಾತ್ರಿಯೇ ಹೋಗಿ ಹತ್ತಿರ ಎಲ್ಲಾದರೂ ಉಳಿಯೋದು ಒಳ್ಳೆಯದಾ? ಲಾಡ್ಜ್ ಖರ್ಚು ಸುಮ್ನೆ ದಂಡ ಅನ್ಸುತ್ತೆ, ಆದರೆ ಅವ್ವನಿಗೆ ಶುಗರ್ ಇದೆ, ನಿದ್ದೆಗೆಟ್ಟರೆ ಆಗಲ್ಲ.

ಇನ್ಸುಲಿನ್ ಪೆನ್ ಕೈಚೀಲದಲ್ಲೇ ಇಡ್ತೀವಿ, ದೊಡ್ಡ ಬ್ಯಾಗಿಗೆ ಹಾಕಿದರೆ ಕೆಳಗಿನ ಚಳಿಗೆ ಹೆಪ್ಪುಗಟ್ಟಬಹುದಂತೆ. ಡಾಕ್ಟರ್ ಚೀಟಿಯೂ ಇದೆ, ಆದರೆ ಅದು ಕನ್ನಡದಲ್ಲಿದೆ, ನಡೆಯುತ್ತಾ? ಗಾಲಿಕುರ್ಚಿ ಮೊದಲೇ ಹೇಳಿಡಬೇಕಾ, ಅಲ್ಲೇ ಕೇಳಿದರೆ ಕೊಡ್ತಾರಾ?

ಇತ್ತೀಚೆಗೆ ಹೋಗಿ ಬಂದವರು ಹೇಳ್ರಿ. ರಾತ್ರಿ ನಿದ್ದೆಗಣ್ಣಲ್ಲಿ ಓಡಿಸದ ನಂಬಿಕಸ್ಥ ಡ್ರೈವರ್ ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ಹಾಕಿ.